ಜಗಲಿಯಿಂದಲೇ ಹಿಂದಿರುಗಿದವರು

ಸರ್ ತೀರಿಕೊಂಡ ಸುದ್ದಿ ನನಗೆ ವಿಯೆಟ್ನಾಮಿನಿಂದ ಬಂತು.

ಅವರು ಕಣ್ಣು ಮುಚ್ಚಿದ್ದು ಗದಗಿನ ಹತ್ತಿರದ ತಮ್ಮ ಹುಟ್ಟೂರಿನಲ್ಲಿ. ನಾನಿರುವುದು ಕುಮಟೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದಷ್ಟೇ ದೂರ. ಆದರೂ ಸುದ್ದಿ ಸಮುದ್ರ ಸುತ್ತಿಕೊಂಡು ಬಂತು. ಅಲ್ಲಿನ ಪ್ರಾಧ್ಯಾಪಕರೊಬ್ಬರು ನಮ್ಮ ಹಳೆಯ ಜಂಟಿ ಕೆಲಸದ ಬಗ್ಗೆ ಏನೋ ಕೇಳಲು ಸರ್‌ಗೆ ಮೇಲ್ ಹಾಕಿದ್ದರಂತೆ. ಅದಕ್ಕೆ ಸರ್ ಅವರ ತಮ್ಮನ ಮಗಳು ಉತ್ತರ ಬರೆದಳು. ಆ ಪ್ರಾಧ್ಯಾಪಕರು ಅದನ್ನೇ ನನಗೆ ಕಳಿಸಿ, ಕೆಳಗೆ ಎರಡು ಸಾಲು ಸಂತಾಪ ಸೇರಿಸಿದ್ದರು. ತೀರಿಕೊಂಡು ಆಗಲೇ ಹದಿನೈದು ದಿನ ಕಳೆದಿತ್ತು.

ನಾನು ಮೊದಲು ಗಾಬರಿಯಾದೆ. ಅದು ನನ್ನ ಹುಟ್ಟುಗುಣ. ಯಾರಿಗೆ ಹೇಳುವುದು, ಎಷ್ಟು ಜನಕ್ಕೆ ಹೇಳುವುದು, ಸಂತಾಪ ಸಭೆ ಮಾಡಿದರೆ ಯಾರು ಬರುತ್ತಾರೆ ಎಂದೆಲ್ಲ ಲೆಕ್ಕ ಹಾಕುತ್ತ ಕೂತೆ. ಆಮೇಲೆ ನಿಧಾನಕ್ಕೆ ದುಃಖವಾಯಿತು. ಎಷ್ಟೋ ಊರುಗಳ ಜನರಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರನ್ನು ಕೂರಿಸಿದ ಮನುಷ್ಯ ಅವರು. ಹೋದದ್ದನ್ನು ನೇರವಾಗಿ ನಮಗೆ ತಿಳಿಸಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಮ್ಮದು ಒಂದು ವಿಶ್ವವಿದ್ಯಾಲಯದ ಹೊನ್ನಾವರದ ಆವರಣ. ಮುಖ್ಯ ಕಚೇರಿ ಘಟ್ಟದ ಮೇಲಿದೆ. ಅಲ್ಲಿಂದ ಇಳಿಯುವುದು ಸುತ್ತೋಲೆಗಳು ಮಾತ್ರ. ಹಾಗೆ ಇಳಿದ ಒಂದು ಸುತ್ತೋಲೆಯಲ್ಲಿ, ಪ್ರತಿ ಆವರಣದಲ್ಲೂ ಅಂತರರಾಷ್ಟ್ರೀಯ ಘಟಕ ಇರತಕ್ಕದ್ದು, ಅದು ವಿಶ್ವವಿದ್ಯಾಲಯವನ್ನು ಹೊರದೇಶಗಳೊಂದಿಗೆ ಬೆಸೆಯುವ ಕಾರ್ಯನೀತಿಯೊಂದನ್ನು ರೂಪಿಸತಕ್ಕದ್ದು ಎಂದಿತ್ತು. ಘಟಕದ ಮುಖ್ಯಸ್ಥರಾಗಿ ಭೂಗೋಳದ ಪ್ರಾಧ್ಯಾಪಕರಾದ ಸರ್ ವರ್ಗವಾಗಿ ಬಂದರು. ಸಂಯೋಜಕನಾಗಿ ನನ್ನನ್ನು ಆರಿಸಿದರು. ನಾನು ಪಾಠ ಮಾಡುವುದು ವಾಣಿಜ್ಯಶಾಸ್ತ್ರ. ಆರಿಸಲು ಕಾರಣ ನನ್ನ ಹತ್ತಿರ ಪಾಸ್‌ಪೋರ್ಟ್ ಇದ್ದದ್ದು. ಭಾವನನ್ನು ನೋಡಲು ಮಸ್ಕತ್ತಿಗೆ ಹೋಗಬೇಕೆಂದು ಮಾಡಿಸಿ, ವಿಮಾನದ ಹೆದರಿಕೆಯಿಂದ ಹೋಗದೆ ಬಿಟ್ಟದ್ದು. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಆವರಣಕ್ಕೆ ಬಂದ ಮೊದಲ ವಿದೇಶೀಯ ಸರ್ ಅವರೇ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಸಮುದ್ರದ ಪಕ್ಕ ಬಾಳಲು ಬಂದ ಬಯಲುಸೀಮೆಯವರು. ಕ್ಯಾಂಟೀನಿನವನು "ಎಂತ ಕೊಡುದು?" ಎಂದರೆ ಅವರು "ಏನರ ಕೊಡ್ರಿ" ಎನ್ನುವರು. ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡು ನಿಲ್ಲುವರು. ಎತ್ತರದ ಆಳು, ನಡೆಯುವಾಗ ಒಂದು ಭುಜ ಸ್ವಲ್ಪ ಮುಂದೆ. ಎದುರಿಗಿದ್ದವರು ಮಾತಾಡುವಾಗ ತಲೆ ಓರೆ ಮಾಡಿ ಅವರ ಬಾಯನ್ನೇ ನೋಡುವರು. ಕಿವಿ ಮಂದವೇನೋ ಎಂದುಕೊಂಡು ನಾನು ಒಂದು ತಿಂಗಳು ಅವರೊಂದಿಗೆ ಕಿರುಚಿದೆ. ಕೊನೆಗೆ ಅವರೇ, "ಕೇಳಸ್ತೈತ್ರೀ. ನಿಮ್ಮ ಮಾತು ಕಲ್ಯಾಕತ್ತೀನಿ" ಎಂದರು. ಹೊನ್ನಾವರದ ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದರು. ಮನೆಯವರ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳಿದರೆ ತಪ್ಪಾದೀತೆಂಬ ಅಂಜಿಕೆಯಲ್ಲಿ ನಾನು ಎಷ್ಟೋ ಜನರನ್ನು ಅರ್ಧಂಬರ್ಧ ಮಾತ್ರ ತಿಳಿದಿದ್ದೇನೆ.

ಅವರು ಬಂದ ವಾರದಲ್ಲೇ ನಾನು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕಾರ್ಯನೀತಿಗಳನ್ನು ಕೂಡಿಸಿ, ದಪ್ಪದೊಂದು ಕಟ್ಟು ಮಾಡಿ ಅವರ ಮುಂದಿಟ್ಟೆ. ಹೆಸರು ಬದಲಿಸಿದರೆ ಮುಗಿಯುತ್ತಿತ್ತು. ಅವರು ಅದನ್ನು ತೂಗಿ ನೋಡುವವರಂತೆ ಎತ್ತಿ ಹಿಡಿದರು.

"ಇದು ನೀತಿ. ಕೆಲಸ ಎಲ್ಲೈತ್ರೀ?"

"ನೀತಿ ಆದ ಮೇಲೆ ಕೆಲಸ, ಸರ್."

"ಉಲ್ಟಾ ಆತು. ಮೊದಲ ಮೂರು ನಾಕು ಕೆಲಸ ಮಾಡೂಣು. ಮುರುದು ಬಿದ್ದದ್ದು ಬೀಳ್ಲಿ. ನಿಂತದ್ದನ್ನ ಬರದ್ರ ಅದ ನೀತಿ."

ಮುಖ್ಯ ಕಚೇರಿ ಕೊಟ್ಟ ಗಡುವು ಅವರ ನಿವೃತ್ತಿಯವರೆಗೆ ಮಾತ್ರ. ಅಷ್ಟರೊಳಗೆ ಏನೂ ನಿಲ್ಲದಿದ್ದರೆ ಘಟಕಕ್ಕೆ ಬೀಗ. ಹಾಗಾಗಿ ಅವರಿಗಿದ್ದ ಚಿಂತೆ ಒಂದೇ, ಅದನ್ನು ಅವರು ಬಚ್ಚಿಡಲೂ ಇಲ್ಲ. "ನಾನಿಲ್ದ ನಡದ್ರ ಅದು ನೀತಿ. ನಾನಿದ್ರಷ್ಟ ನಡದ್ರ ಅದು ನನ್ನ ಚಟ."

ಮೊದಲನೆಯ ಕೆಲಸಕ್ಕೆ ವಿಯೆಟ್ನಾಮಿನ ನದೀಮುಖದ ಕಡೆಯ ಒಂದು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಅಲ್ಲಿಯೂ ನಮ್ಮ ಕುಮಟೆಯ ಗಜನಿಯಂತೆ ಉಪ್ಪುನೀರು ನುಗ್ಗುವ ಗದ್ದೆಗಳಿವೆಯಂತೆ: ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಸಿಗಡಿ. ವಿದ್ಯಾರ್ಥಿಗಳು ಬಂದು ನಮ್ಮ ಮೀನುಗಾರರ ಜೊತೆ ದೋಣಿಯಲ್ಲಿ ಹೋಗಿ ಮೀನಿನ ಲೆಕ್ಕ ಹಿಡಿಯುವುದು ಎಂದು ಸರ್ ಬರೆದು, ಅವರ ರಜೆ ನೋಡಿ ದಿನಾಂಕವನ್ನೂ ಕೊಟ್ಟುಬಿಟ್ಟಿದ್ದರು. ಟಿಕೆಟ್ ಆದ ಮೇಲೆ ಪತ್ರ ನನ್ನ ಕೈಗೆ ಬಂತು. ಜೂನ್ ತಿಂಗಳು! ಕರಾವಳಿಯ ಯಾವ ಮಗುವಿಗೂ ಗೊತ್ತಿರುವ ವಿಷಯ.

"ಸರ್, ಆಗ ಸಮುದ್ರ ಬಂದ್."

"ಸಮುದ್ರ ಬಂದ್ ಇರ್ತೈತೇನ್ರೀ? ನಮ್ಮೂರಾಗ ಸಂತಿ ಬಂದ್ ಇರ್ತಿತ್ತು."

ಮಳೆಗಾಲದ ಆರಂಭದಲ್ಲಿ ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ, ಬೋಟುಗಳನ್ನು ಕಡಲಿಗೆ ಬಿಡುವುದಿಲ್ಲ, ಎಲ್ಲವೂ ದಡದಲ್ಲಿ ಕಟ್ಟಿರುತ್ತವೆ ಎಂದು ನಾನು ಕೈ ಹಿಸುಕಿಕೊಳ್ಳುತ್ತ ವಿವರಿಸಿದೆ. ಅವರು ಎದ್ದು ಸೀದಾ ಬಂದರಿಗೆ ಹೋದರು. ಅಲ್ಲಿದ್ದವರನ್ನು ಆ ತಿಂಗಳಲ್ಲಿ ಏನು ಮಾಡುತ್ತೀರೆಂದು ಕೇಳಿಕೊಂಡು ಬಂದವರ ಮುಖ ಅರಳಿತ್ತು.

"ಎಲ್ಲಾ ಮನ್ಯಾಗ ಇರ್ತಾರಂತ್ರೀ! ಕುಂತು ಬಲಿ ರಿಪೇರಿ ಮಾಡ್ತಾರಂತ. ಬ್ಯಾರೆ ತಿಂಗಳದಾಗ ಇವರ ಜೋಡಿ ಮಾತಾಡ್ಬೇಕಂದ್ರ ಬೋಟಿನ ಹಿಂದ ಈಜ್ಕೊಂತ ಹೋಗ್ಬೇಕು. ಇದ ಸರಿಯಾದ ಹೊತ್ತು."

ಹೀಗೆ ಮೀನಿನ ಲೆಕ್ಕ ಹೋಗಿ ಹರಿದ ಬಲೆ ಬಂತು. ರಿಪೇರಿಗೆ ಒಗ್ಗದ ನೈಲಾನ್ ಬಲೆ ಇಲ್ಲಿ ಹೊಳೆಗೋ ಬೆಂಕಿಗೋ ಹೋಗುತ್ತದೆ. ಅವರ ಕಡೆ ಅದನ್ನು ಹೊಸೆದು, ಚಾಪೆಯಂತೆ ನೇಯ್ದು, ಗದ್ದೆಯ ಏರಿಯ ಮೇಲೆ ಹಾಸುತ್ತಾರಂತೆ, ಮಣ್ಣು ಕೊಚ್ಚಿಹೋಗುವುದಿಲ್ಲವಂತೆ. ಹೊನ್ನಾವರದ ಬಲೆಯನ್ನು ಕುಮಟೆಯ ಗಜನಿ ಏರಿಗೆ ಹಾಸಿ ನೋಡುವುದೇ ಯೋಜನೆಯಾಯಿತು. ಮೊದಲ ವರ್ಷ ಅರ್ಧ ಏರಿ ನೆರೆಗೆ ಹೋಯಿತು. ಉಳಿದರ್ಧದಲ್ಲಿ ಹುಲ್ಲು ಬೆಳೆಯಿತು. ಸರ್ ಆ ಹುಲ್ಲನ್ನು ನೋಡಲು ನನ್ನನ್ನು ಎಷ್ಟು ಸಲ ಕರೆದುಕೊಂಡು ಹೋದರೆಂದರೆ, ಗದ್ದೆಯವರು ನಮ್ಮನ್ನು ಜಾಗ ಕೊಳ್ಳಲು ಬಂದವರೆಂದು ತಿಳಿದಿದ್ದರು.

ಆದರೆ ನಾನು ಹೇಳಹೊರಟದ್ದು ಅವರ ಇನ್ನೊಂದು ಪದ್ಧತಿಯ ಬಗ್ಗೆ.

ಬಂದ ವಿದ್ಯಾರ್ಥಿಗಳನ್ನು ಅತಿಥಿಗೃಹದಲ್ಲಿ ಇಡಲು ಅವರು ಒಪ್ಪಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮನೆ. ಹಗಲು ಕೆಲಸ ಆ ಮನೆಯವರ ಜೊತೆ, ಊಟವೂ ಅಲ್ಲೇ. ಲಾನ್ ಎಂಬ ಹುಡುಗಿಗೆ ಮಾವಿನಕುರ್ವೆಯ ಮಾದೇವಿಯಕ್ಕನ ಮನೆ ನಿಗದಿಯಾಗಿತ್ತು. ಗಂಡ ಬೋಟಿಗೆ ಹೋಗುವವನು, ಅವಳು ಮೀನು ಮಾರುವವಳು, ಮಾತಿನಲ್ಲಿ ಜೋರು. ಮೊದಲ ದಿನ ನಾವು ಮೂವರೂ ಹೋದೆವು. ಸರ್ ಜಗಲಿಯ ಮೆಟ್ಟಿಲ ಬಳಿ ನಿಂತು ಅವಳ ಹೆಸರು ಇವಳಿಗೆ, ಇವಳ ಹೆಸರು ಅವಳಿಗೆ ಹೇಳಿದರು. ಕೊಟ್ಟ ನೀರನ್ನು ನಿಂತೇ ಕುಡಿದರು. "ಬರ್ತೀನ್ರಿ" ಎಂದು ಹೊರಟೇಬಿಟ್ಟರು.

"ಊಟಕ್ಕೆ ಏಳಿ ಅಂದ್ರೆ ಹೊರ್ಟ್ರಲ್ಲ!" ಎಂದಳು ಮಾದೇವಿಯಕ್ಕ ನನ್ನನ್ನು ನೋಡಿ. ನಾನು ಹಲ್ಲು ಕಿರಿದು ಸರ್ ಹಿಂದೆ ಓಡಿದೆ.

"ಸರ್, ಅವಳಿಗೆ ಕನ್ನಡ ಬರುವುದಿಲ್ಲ, ಇವಳಿಗೆ ಇಂಗ್ಲಿಷ್ ಬರುವುದಿಲ್ಲ. ಇಬ್ಬರೇ ಏನು ಮಾಡುತ್ತಾರೆ?"

"ಊಟಾ ಮಾಡ್ತಾರ."

"ಮುಳ್ಳು ಗಂಟಲಿಗೆ ಸಿಕ್ಕಿದರೆ?"

"ನದ್ಯಾಗ ಹುಟ್ಟಿದ ಹುಡುಗಿ ಅದಾಳ್ರೀ. ನಿಮಗ ಸಿಕ್ಕೀತು ಮುಳ್ಳು."

ಇಡೀ ದಿನ ನಾನು ಫೋನ್ ನೋಡುತ್ತ ಕಳೆದೆ. ಸಂಜೆ ವಿಚಾರಿಸಲು ಹೋದರೆ ಅಂಗಳದ ಚಪ್ಪರದಲ್ಲಿ ಬಲೆ ಹರಡಿಕೊಂಡು ಇಬ್ಬರೂ ಜಗಳಕ್ಕೆ ಕೂತಿದ್ದರು. "ಇವ್ರ ಊರಲ್ಲಿ ಗಂಟು ಉಲ್ಟಾ ಹಾಕ್ತ್ರಂತೆ, ನೋಡಿ! ಬಿಚ್ಚು ಅಂದ್ರೆ ಬಿಚ್ಚುದಿಲ್ಲ, ಮೊಂಡು ಹುಡ್ಗಿ" ಎಂದು ಮಾದೇವಿಯಕ್ಕ ದೂರಿದಳು. ಲಾನ್ ತನ್ನ ಭಾಷೆಯಲ್ಲಿ ಅಷ್ಟೇ ಉದ್ದ ಏನೋ ದೂರಿದಳು. ಮೂರನೆಯವರಿಗೆ ಅಲ್ಲಿ ಜಾಗ ಇರಲಿಲ್ಲ.

ಭಟ್ಕಳದಲ್ಲೂ ಹಾಗೆಯೇ. ಅಲ್ಲಿನ ಒಂದು ನವಾಯತ ಮುಸ್ಲಿಮರ ಮನೆಗೆ, ಅಡುಗೆ ಮತ್ತು ಮನೆಮಾತಿನ ಬಗ್ಗೆ ಕೆಲಸ ಮಾಡುವ ಇನ್ನೊಬ್ಬ ವಿದ್ಯಾರ್ಥಿನಿಯನ್ನು ಬಿಟ್ಟೆವು. ಮನೆಯ ಹಿರಿಯಮ್ಮ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ ಯೂನಿವರ್ಸಿಟಿಗೆ ಈಗ ಗೊತ್ತಾಯ್ತಾ ಫಾರಿನ್ ಅಂತ ಒಂದಿದೆ ಅಂತ? ನಮ್ ಮನೆ ಮಕ್ಳು ಅರ್ಧ ಅಲ್ಲೇ ಹುಟ್ಟಿದ್ದು" ಎಂದರು. ಸರ್ ಜೋರಾಗಿ ನಕ್ಕರು, ಅಲ್ಲಿಯೂ ಶರಬತ್ತನ್ನು ನಿಂತೇ ಕುಡಿದರು, ಹೊರಟರು. ಕುಮಟೆಯಲ್ಲಿ ನಮ್ಮ ಮನೆಗೇ ಲಾನಳನ್ನು ಒಂದು ದಿನ ಊಟಕ್ಕೆ ಕರೆತಂದವರು ಗೇಟಿನಿಂದ ಹಿಂದಿರುಗಿದರು. ನನ್ನ ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದಾಗ ಅವರ ಬೆನ್ನು ರಸ್ತೆಯ ತಿರುವಿನಲ್ಲಿತ್ತು.

"ಎಂತ ಇವ್ರು? ಪೋಸ್ಟ್‌ಮನ್ ಆದ್ರೂ ಒಂದು ಗಳಿಗೆ ಕೂರ್ತಾನೆ!"

ಊರು ಸುಮ್ಮನಿರುತ್ತದೆಯೇ? ಮೀನಿನ ಮನೆ ಎಂದು ಒಳಗೆ ಬರುವುದಿಲ್ಲ, ಜಾತಿಯ ಬಿಗುಮಾನ ಎಂದು ಮಾವಿನಕುರ್ವೆಯಲ್ಲಿ ಮಾತಾಯಿತು. ಮಾದೇವಿಯಕ್ಕ ನನ್ನೆದುರಿಗೇ, "ನೀರು ಕುಡ್ದದ್ದೇ ದೊಡ್ದು ಮಾರಾಯ್ರೆ" ಎಂದಳು. ನಾನು ನಿದ್ದೆ ಕೆಟ್ಟು, ಎರಡು ದಿನ ಶಬ್ದ ಜೋಡಿಸಿಕೊಂಡು ಸರ್ ಮುಂದೆ ನಿಂತೆ.

ಅವರು ಕಿಟಕಿಯಾಚೆ ಶರಾವತಿಯನ್ನು ನೋಡುತ್ತ ಹೇಳಿದರು.

"ನಾ ಒಮ್ಮೆ ಒಳಗ ಕುಂತೆ ಅಂದ್ರ ಮುಗೀತ್ರೀ. ಆಕಿ ನನಗ ಹೇಳ್ತಾಳ, ನಾ ಈಕಿಗೆ ಹೇಳ್ತೀನಿ. ಇಬ್ಬರೂ ನನ್ನ ಮಾರಿ ನೋಡ್ತಾರ. ದಿನಾ ನಾನ ಬೇಕಾಗ್ತೀನಿ. ನಾ ಹ್ವಾದ ಮರುದಿನ ಎಲ್ಲಾ ಬಂದ್. ಪರಿಚಯ ಮಾಡ್ಸಿದವ ಎದ್ದು ಹೋಗ್ಬೇಕು. ಇಲ್ಲಾಂದ್ರ ಅವನ ಅಡ್ಡಗ್ವಾಡಿ."

"ಹಾಗಂತ ಅವರಿಗೆ ಹೇಳಬಹುದಲ್ಲ ಸರ್?"

"ಹೇಳಾಕ ಒಳಗ ಕೂಡ್ಬೇಕಲ್ರೀ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಅನ್ಕೊಳ್ಳಿ ಬಿಡ್ರಿ."

ಇದಾದ ಕೆಲವು ದಿನಕ್ಕೆ, ಬಸ್ಸು ತಪ್ಪಿ ನಾನು ನಿಲ್ದಾಣದ ಎದುರಿನ ಮೀನೂಟದ ಹೋಟೆಲಿಗೆ ನುಗ್ಗಿದೆ. ಮೂಲೆಯ ಮೇಜಿನಲ್ಲಿ ಸರ್ ಒಬ್ಬರೇ ಕೂತಿದ್ದರು. ಎದುರಿಗೆ ಹುರಿದ ಬಂಗಡೆ. ಗಡಿಯಾರ ರಿಪೇರಿ ಮಾಡುವವರಂತೆ ಬಗ್ಗಿ ಒಂದೊಂದೇ ಮುಳ್ಳನ್ನು ತೆಗೆದು ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದರು. ಅವರ ಜಾತಿಯಲ್ಲಿ ಮೀನು ಮುಟ್ಟುವವರೇ ಇಲ್ಲವೆಂದು ನನಗೆ ಗೊತ್ತಿತ್ತು. ನಾನು ನೋಡಿದ್ದು ಅವರ ಗಮನಕ್ಕೂ ಬಂತು.

"ಕಲ್ತೆ ನೋಡ್ರಿ. ಮೊದಲ ಸಲ ವಾಕರಿಕಿ ಬಂತು. ಈಗ ಇಲ್ದಿದ್ರ ಊಟ ಸೇರೂದಿಲ್ಲ."

"ಯಾಕೆ ಸರ್ ಕಷ್ಟಪಟ್ಟು...?"

"ಯಾರರ ಕರದ್ರ ತಯಾರಿರ್ಬೇಕಲ್ರೀ."

ಕರೆಯುವವರೆಲ್ಲ ಕರೆಯುತ್ತಲೇ ಇದ್ದರು. ಹೋಗದಿರುವುದು ಅವರದೇ ಕಟ್ಟುನಿಟ್ಟು. ಹಾಗಿದ್ದೂ ತಯಾರಿ ಮಾತ್ರ ನಡೆದಿತ್ತು. ನಾನು ಅವರೆದುರು ಕೂತು ಊಟ ತರಿಸಿಕೊಂಡೆ. ನನ್ನ ಬಂಗಡೆಯ ಮುಳ್ಳು ಗಂಟಲಿಗೆ ಸಿಕ್ಕಿತು. ಅವರು ಬಾಳೆಹಣ್ಣು ತರಿಸಿದರು.

ಮುಖ್ಯ ಕಚೇರಿಯಿಂದ ಕುಲಸಚಿವರು ಒಮ್ಮೆ ತಪಾಸಣೆಗೆ ಬಂದರು. ಶಾಲು, ಹಣ್ಣಿನ ಬುಟ್ಟಿ, ಎರಡು ದೇಶದ ಪುಟ್ಟ ಬಾವುಟ ಎಲ್ಲವನ್ನೂ ತಂದಿದ್ದರು. ಸಭಾಂಗಣ ಖಾಲಿ. ಅತಿಥಿಗಳು ಗಜನಿಯ ಕೆಸರಿನಲ್ಲಿ. ಕುಲಸಚಿವರು ಪ್ಯಾಂಟು ಮಡಚಿಕೊಂಡು ಏರಿಯ ತನಕ ಬಂದು, ಮೊಣಕಾಲ ತನಕ ಕೆಸರಾಗಿದ್ದ ಹುಡುಗನಿಗೆ ಶಾಲು ಹೊದಿಸಿದರು. ಅವನು ಅದರಲ್ಲಿ ಕೈ ಒರೆಸಿಕೊಂಡ.

"ಎಲ್ಲ ಸರಿ, ಡಾಕ್ಯುಮೆಂಟ್ ಎಲ್ಲಿ?" ಎಂದರು ಕುಲಸಚಿವರು.

"ಹೊಸ್ಯಾಕತ್ತಾರ್ರೀ. ಮುಗದ ಮ್ಯಾಲೆ ಬರೀತೀನಿ" ಎಂದರು ಸರ್. ಅವತ್ತು ನನ್ನ ರಕ್ತದೊತ್ತಡ ಏರಿದ್ದು ಇಳಿಯಲು ಒಂದು ವಾರ ಹಿಡಿಯಿತು.

ಬಂದಷ್ಟೇ ಜನ ಇಲ್ಲಿಂದಲೂ ಹೋಗಬೇಕು ಎನ್ನುವುದು ಅವರ ಇನ್ನೊಂದು ಹಟ. ಎರಡನೆಯ ವರ್ಷ ಮುಟ್ಟಳ್ಳಿಯ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ಸೆಮಿಸ್ಟರ್ ಅಲ್ಲಿಗೆ ಹೊರಟಳು. ಗದ್ದೆ, ನಾಲ್ಕು ತೆಂಗಿನ ಮರ ಇರುವ ಮನೆ. ಅಮ್ಮ ಹಪ್ಪಳ, ಸಾರಿಗೆ ಹಾಕುವ ಮುರುಗಲ ಸಿಪ್ಪೆ ಕಟ್ಟಿಕೊಂಡು ಮುರ್ಡೇಶ್ವರ ಸ್ಟೇಷನ್ನಿಗೆ ಬಂದಿದ್ದಳು. ಆ ಹುಡುಗಿಗಾಗಿ ಆರು ತಿಂಗಳು ಓಡಾಡಿದ ಸರ್, ರೈಲು ಬರುವ ಮೊದಲೇ ನನ್ನ ತೋಳು ಹಿಡಿದು ಹೊರಗೆಳೆದರು. "ನಡೀರಿ. ನಾವಿದ್ರ ಆಕಿ ತಾಯಿ ನಮಗ ಥ್ಯಾಂಕ್ಸ್ ಹೇಳ್ಕೊಂತ ನಿಂದರ್ತಾಳ. ಮಗಳ ಜೋಡಿ ಅಳಾಕ ಹೊತ್ತು ಸಾಲೂದಿಲ್ಲ." ರೈಲು ಹೊರಟ ಶಬ್ದವನ್ನು ನಾವು ರಸ್ತೆಯಲ್ಲಿ ಕೇಳಿದೆವು. ಅವರು ನಿಂತು, ಪೂರ್ತಿ ಅಡಗುವ ತನಕ ಕೇಳಿದರು.

ಕೊನೆಗೆ ನೀತಿಯನ್ನೂ ಬರೆದರು. ಎರಡೇ ಪುಟ. ಅತಿಥಿ ಬರುವ ಮುನ್ನ ಮಾಡಲು ಕೆಲಸ ಇರಬೇಕು. ಊರಿನವರಿಗೆ ಬಿಡುವಿದ್ದಾಗ ಬರಬೇಕು, ನಮಗೆ ರಜೆ ಇದ್ದಾಗ ಅಲ್ಲ. ಪರಿಚಯ ಮಾಡಿಸಿದವರು ಕೂಡಲೇ ಹೊರಡತಕ್ಕದ್ದು. ಈ ಕೊನೆಯದನ್ನು ಮುಖ್ಯ ಕಚೇರಿಯವರು ಶಿಷ್ಟಾಚಾರಕ್ಕೆ ಒಪ್ಪುವುದಿಲ್ಲ ಎಂದು ಹೊಡೆದುಹಾಕಿ, ಉಳಿದದ್ದಕ್ಕೆ ನನ್ನ ಹಳೆಯ ಕಟ್ಟನ್ನೇ ಸೇರಿಸಿ ದಪ್ಪ ಮಾಡಿ ಮುದ್ರಿಸಿದರು. ಘಟಕ ಉಳಿಯಿತು.

ಅವರ ಬೀಳ್ಕೊಡುಗೆಗೆ ಮನೆಗಳವರನ್ನೆಲ್ಲ ಕರೆದಿದ್ದೆ. ಯಾರೂ ಬರಲಿಲ್ಲ. ಮಾದೇವಿಯಕ್ಕನಿಗೆ ಫೋನ್ ಮಾಡಿದರೆ, "ಯಾರು, ಜಗಲಿಯಿಂದ ಓಡುವವ್ರಾ? ಅವ್ರಿಗೆ ನಾವೆಂತಕ್ಕೆ" ಎಂದಿದ್ದಳು. ಭಾಷಣಗಳ ನಡುವೆ ಸರ್ ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಆಮೇಲೆ ಹಾರ ತೆಗೆದಿಟ್ಟು, ನನಗೆ ಮಾತ್ರ ಕೇಳುವಂತೆ, "ಛಲೋ ಆತು" ಎಂದರು.

ಊರಿಗೆ ಹೋದ ಮೇಲೆ ತಿಂಗಳಿಗೊಮ್ಮೆ ಫೋನ್ ಬರುತ್ತಿತ್ತು. ಏರಿ ಹೆಂಗೈತಿ, ಈ ವರ್ಷ ಯಾರು ಬರ್ತಾರ, ಇಷ್ಟೇ. ಒಂದು ಸಲ ನಾನು ಉತ್ಸಾಹದಿಂದ ಹೇಳಿದೆ: ಲಾನಳಿಗೆ ಮಗುವಾಗಿದೆ, ಮಾದೇವಿಯಕ್ಕ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾಳೆ, ಮಗುವಿಗೆ ಎಣ್ಣೆ ಹಚ್ಚುವುದು ಹೇಗೆಂದು ಫೋನಿನ ಮುಂದೆ ತೆಂಗಿನಕಾಯಿ ಹಿಡಿದು ತೋರಿಸಿದಳಂತೆ, ನನಗೇ ಗೊತ್ತಾದದ್ದು ಆರು ತಿಂಗಳ ಮೇಲೆ.

"ನನ್ನ ಬಗ್ಗೆ ಏನರ ಕೇಳಿದ್ರೇನು?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಸಿಕ್ಕಿಬೀಳುವ ಚಿಂತೆ. "ಇಲ್ಲ ಸರ್" ಎಂದೆ.

"ಅಂದ್ರ ಪಾಸಾತ್ರಿ" ಎಂದರು. ಫೋನ್ ಇಟ್ಟಮೇಲೂ ಆ ದನಿ ನನ್ನ ಕಿವಿಯಲ್ಲಿ ಉಳಿಯಿತು. ಪಾಸಾದ ಹುಡುಗ, ಮನೆಯಲ್ಲಿ ಹೇಳಲು ಯಾರೂ ಇಲ್ಲದಾಗ ಮಾತಾಡುವ ದನಿ ಅದು. ಅದೇ ನಮ್ಮ ಕೊನೆಯ ಮಾತು.

ಈ ಮಳೆಗಾಲ ಮತ್ತೊಬ್ಬ ವಿದ್ಯಾರ್ಥಿ ಬಂದ. ಮೊನ್ನೆ ಅವನನ್ನು ಮಾವಿನಕುರ್ವೆಗೆ ಕರೆದೊಯ್ದು, ಮಾದೇವಿಯಕ್ಕನಿಗೆ ಸರ್ ಹೋದ ಸುದ್ದಿ ಹೇಳಿದೆ. ಅವಳು ಸೆರಗಿನಿಂದ ಮುಖದ ಮೇಲಿನ ಹನಿ ಒರೆಸಿಕೊಂಡು, "ಅಯ್ಯೋ, ಅವ್ರಾ. ನಮ್ಮನೆ ನೀರು ಬಿಟ್ರೆ ಎಂತದೂ ಮುಟ್ಟಿರ್ಲಿಲ್ಲ" ಎಂದಳು. ಆಗ ನಾನು ಕಾರಣ ಹೇಳಿದೆ. ಹೋಟೆಲಿನ ಬಂಗಡೆಯನ್ನೂ ಹೇಳಿದೆ.

ಅವಳು ಜಗಲಿಯ ಕಂಬ ಹಿಡಿದುಕೊಂಡಳು.

"ಹೇಳ್ಬೇಕಿತ್ತಲ್ರಾ" ಎಂದಳು. "ಮಾತೇ ಬೇಡ ಅಂದಿದ್ರೆ ನಾವು ಮಾತೇ ಆಡ್ತಿರ್ಲಿಲ್ಲ. ಸುಮ್ನೆ ಉಂಡ್ಕಂಡು ಹೋಗ್ಬಹುದಿತ್ತು." ಮತ್ತೆ ಸಿಟ್ಟು ಬಂದವಳಂತೆ, "ನೀವಾದ್ರೂ ಬನ್ನಿ ಒಳಗೆ. ನಿಮ್ಗೆಂತ ನೀತಿ ಇಲ್ಲ ಅಲ್ದಾ?"

ನನಗೆ ನೀತಿ ಇಲ್ಲ, ಹಸಿವಿತ್ತು. ಹೋದೆ. ನಡುವೆ ಕೂತೆ. ಹುಡುಗ ಸಾರು ತೋರಿಸಿ ಇದು ಏನೆಂದು ನನ್ನನ್ನು ಕೇಳಿದ. ನಾನು ಹೇಳಿದೆ. ಅವನಿಗೆ ಖಾರವಾಯ್ತಾ ಕೇಳಿ ಎಂದು ಮಾದೇವಿಯಕ್ಕ ನನಗೆ ಹೇಳಿದಳು. ಕೇಳಿದೆ. ಅವನ ಅಪ್ಪ ಅಮ್ಮ ಎಂತ ಮಾಡ್ತ್ರು ಎಂದಳು. ಅದನ್ನೂ ಕೇಳಿದೆ. ಅಕ್ಕಿ ಯಾವುದು ಎಂದ. ಅರ್ಧ ಊಟದ ತನಕ ಅವರಿಬ್ಬರೂ ಒಮ್ಮೆಯೂ ಪರಸ್ಪರ ಮುಖ ನೋಡಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹಿತವಾಗಿತ್ತು. ಇಷ್ಟು ಜನಕ್ಕೆ ನಾನು ಒಮ್ಮೆಗೇ ಬೇಕಾದದ್ದು ನನ್ನ ಜೀವನದಲ್ಲಿ ಬಹಳ ಇಲ್ಲ.

ತಟ್ಟೆಯಲ್ಲಿ ಅನ್ನ ಇನ್ನೂ ಇತ್ತು. ಯಾರೋ ಫೋನ್ ಮಾಡಿದ್ದಾರೆ ಎಂದು ಸುಳ್ಳು ಹೇಳಿ ಎದ್ದೆ, ಕೈ ತೊಳೆದು ಅಂಗಳಕ್ಕೆ ಬಂದೆ. ಒಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಾದೇವಿಯಕ್ಕ ಕಿವಿ ಕೇಳದವರಿಗೆ ಹೇಳುವಂತೆ ಕೂಗಿ ಏನೋ ಹೇಳಿದಳು. ಹುಡುಗ ಅದನ್ನೇ ತಪ್ಪುತಪ್ಪಾಗಿ ಹೇಳಿದ. ಅವಳು ನಕ್ಕಳು, ಮತ್ತೆ ಹೇಳಿದಳು.

ಮಳೆ ಜೋರಾಗುತ್ತಿತ್ತು. ನನ್ನ ಛತ್ರಿ ಒಳಗೆ, ಅವರಿಬ್ಬರ ಪಕ್ಕದ ಗೋಡೆಗೆ ಒರಗಿತ್ತು. ತರಲು ಹೋದರೆ ಮಾತು ನಿಲ್ಲುತ್ತಿತ್ತು. ಹಾಗೆಯೇ ನೆನೆಯುತ್ತ ರಸ್ತೆಗೆ ಬಂದೆ.